ಜಾನಿ ಡಾಲರ್ ಕೇಳೋಕೆ ಶುರು ಮಾಡೋರು 1949ರಿಂದ ಹಿಡೀಬೇಡಿ
ಹಳೇ ಅಮೆರಿಕನ್ ರೇಡಿಯೋ ನಾಟಕ ಕೇಳೋ ಹುಚ್ಚು ಹತ್ತಿದೋರು ಒಂದಲ್ಲ ಒಂದಿನ ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಅನ್ನೋ ಪತ್ತೇದಾರಿ ಸರಣಿ ಹತ್ರ ಬಂದೇ ಬರ್ತಾರೆ, ಇಂಟರ್ನೆಟ್ ಆರ್ಕೈವ್ ವೆಬ್‌ಸೈಟ್‌ನಲ್ಲಿ ಫ್ರೀಯಾಗೇ ಸಿಗುತ್ತೆ, ಆದ್ರೆ ಲಿಸ್ಟ್ ನೋಡಿದ್ರೆ ತಲೆ ತಿರುಗುತ್ತೆ. ಸಿಬಿಎಸ್ ಅನ್ನೋ ಅಮೆರಿಕನ್ ರೇಡಿಯೋ ನೆಟ್‌ವರ್ಕ್‌ನಲ್ಲಿ 1949ರಿಂದ 1962ರವರೆಗೆ ನಡೆದಿದ್ದು, ನೂರಾರು ಎಪಿಸೋಡು.

ಶಿಸ್ತಾಗಿ ಮೊದಲ್ನೇದರಿಂದ ಹೊರಟ್ರೆ ಬೇಜಾರಾಗಿ ಬಿಟ್ಬಿಡ್ತೀರ. ಡಾಲರ್ ಪಾತ್ರಕ್ಕೆ ದನಿ ಕೊಟ್ಟಿದ್ದು ಶುರುನಲ್ಲಿ ಚಾರ್ಲ್ಸ್ ರಸೆಲ್, ಆಮೇಲೆ ಎಡ್ಮಂಡ್ ಓಬ್ರಿಯನ್, ಜಾನ್ ಲಂಡ್, ಕೆಟ್ಟದಾಗಿ ಮಾಡಿದ್ರು ಅಂತಲ್ಲ, ಆದ್ರೆ ಆ ಕಾಲದ ಇನ್ನೊಬ್ಬ ಒರಟು ಪತ್ತೇದಾರ ಅಷ್ಟೇ ಅನ್ಸುತ್ತೆ. ನೇರವಾಗಿ 1955ರ ಅಕ್ಟೋಬರ್‌ಗೆ ಹೋಗಿ. ಅಲ್ಲಿಂದ ಡಾಲರ್ ಆಗಿ ಬಾಬ್ ಬೇಲಿ ಬರ್ತಾನೆ, ಡೈರೆಕ್ಷನ್ ಜ್ಯಾಕ್ ಜಾನ್‌ಸ್ಟೋನ್‌ದು, ಸೋಮವಾರದಿಂದ ಶುಕ್ರವಾರದವರೆಗೆ ದಿನಾ 15 ನಿಮಿಷ, ವಾರಕ್ಕೊಂದು ಕಥೆ. ಮೊದಲ್ನೇದು ‘ದಿ ಮೆಕಾರ್ಮ್ಯಾಕ್ ಮ್ಯಾಟರ್’.

ಐದೂ ಭಾಗ ಒಂದೇ ಸಲ ಕೇಳ್ಬೇಡಿ ಪ್ಲೀಸ್. ದಿನಕ್ಕೊಂದು ಕೇಳೋಕೇ ಅಂತ ಬರೆದಿದ್ದು ಅದು, ಪ್ರತಿ ಭಾಗದ ಕೊನೇಲಿ ಒಂದು ಗಂಟು ಹಾಕಿ ನಿಲ್ಲಿಸ್ತಾರೆ, ಒಟ್ಟಿಗೆ ಕೇಳಿದ್ರೆ ಆ ಗಂಟು ಬಿಗಿಯಾಗೋ ಮುಂಚೇನೇ ಬಿಚ್ಚೋಗುತ್ತೆ. ಫೈಲ್ ಹೆಸರಲ್ಲಿ ಸಾಮಾನ್ಯವಾಗಿ ತಾರೀಕು ಇರುತ್ತೆ, ಅದನ್ನೇ ನೋಡ್ಕೊಂಡು ಭಾಗ ಜೋಡಿಸ್ಕೊಳ್ಳಿ.

ಈಗ ಮುಖ್ಯವಾದ್ದು, ಖರ್ಚಿನ ಲೆಕ್ಕ. ಡಾಲರ್ ಪೊಲೀಸ್ ಅಲ್ಲ, ಅಮೆರಿಕದ ಹಾರ್ಟ್‌ಫರ್ಡ್ ಊರಲ್ಲಿರೋ ಇನ್ಶೂರೆನ್ಸ್ ಇನ್ವೆಸ್ಟಿಗೇಟರ್, ಇಡೀ ಕಥೇನ ಕಂಪನಿಗೆ ಕಳಿಸೋ ಬಿಲ್ ರೂಪದಲ್ಲೇ ಹೇಳ್ತಾನೆ, ಐಟಂ ಒಂದು ವಿಮಾನದ ಟಿಕೆಟ್, ಐಟಂ ಎರಡು ಟ್ಯಾಕ್ಸಿ, ಹೀಗೆ. ಹೊಸಬ್ರು ಇದನ್ನ ತಮಾಷೆ ಅಂತ ಕಿವಿ ಮೇಲೆ ಹಾಕ್ಕೊಳ್ಳಲ್ಲ, ಆದ್ರೆ ಅದೇ ಕಥೆಯ ಬೆನ್ನುಮೂಳೆ ಕಣ್ರೀ. ಐಟಂ ಅಂತ ಕೇಳಿಸ್ತು ಅಂದ್ರೆ ಸೀನ್ ಬದಲಾಯ್ತು ಅಂತ, ಒಂದೇ ಸಾಲಲ್ಲಿ ಊರೂ ಸಮಯಾನೂ ದಾಟಿರುತ್ತೆ, ಸ್ಟುಡಿಯೋದಲ್ಲಿ ಅದಕ್ಕೆ ಬೇರೆ ಸೆಟ್ಟೂ ಬೇಡ ಪರದೇನೂ ಬೇಡ. ದಾರಿ ತಪ್ಪಿದ್ರೆ ಮುಂದಿನ ಐಟಂವರೆಗೆ ಸುಮ್ನೆ ಕೇಳಿ, ಎಲ್ಲಿದೀವಿ ಅಂತ ಅವ್ನೇ ಹೇಳ್ತಾನೆ. ಕ್ಲೈಂಟ್ ಮೇಲೆ ಸಿಟ್ಟಿದ್ರೆ ಅದೂ ಬಿಲ್ಲಲ್ಲೇ ಗೊತ್ತಾಗುತ್ತೆ, ಕೊನೇಲಿ ಟೋಟಲ್ ಹೇಳೋ ದನಿ ಗಮನಿಸಿ, ಬೇಲಿ ಅಲ್ಲೇ ಗೆಲ್ಲೋದು.

ಇದ್ರಲ್ಲಿ ರುಚಿ ಹತ್ತಿದ್ಮೇಲೆ ‘ದಿ ಫ್ಯಾಂಟಮ್ ಚೇಸ್ ಮ್ಯಾಟರ್’ ಹಿಡೀರಿ, ಅದೊಂದೇ ಒಂಬತ್ತು ಭಾಗ. 1956ರ ನವೆಂಬರ್‌ನಿಂದ ವಾರಕ್ಕೊಂದು ಅರ್ಧ ಗಂಟೆ ಕಥೆ ಆಗುತ್ತೆ, ಚೆನ್ನಾಗೇ ಇದೆ, ಆದ್ರೆ ಪಾತ್ರಗಳಿಗೆ ಉಸಿರಾಡೋಕೆ ಅಷ್ಟು ಜಾಗ ಇರಲ್ಲ. 1960ರ ಕೊನೇಲಿ ಶೋ ಹಾಲಿವುಡ್‌ನಿಂದ ನ್ಯೂಯಾರ್ಕ್‌ಗೆ ಹೋಯ್ತು, ಬೇಲಿ ಹೋಗ್ಲಿಲ್ಲ, ಬಾಬ್ ರೀಡಿಕ್ ಬಂದ, ರೀಡಿಕ್‌ನ ಬಿಟ್ಟು ಅವನ ನಂತರ ಬಂದ ಮ್ಯಾಂಡೆಲ್ ಕ್ರೇಮರ್‌ಗೆ ಹೋದ್ರೂ ನಷ್ಟ ಇಲ್ಲ. 1949ರದ್ದು ಇದೆಲ್ಲ ಮುಗಿದ್ಮೇಲೆ ಕೇಳಿ, ಆಗ ರಸೆಲ್ ಬೆಳ್ಳಿ ಡಾಲರ್ ಟಿಪ್ಸ್ ಎಸೆಯೋದೂ ಮಜಾ ಅನ್ಸುತ್ತೆ.