ಎಂ.ಎ. ಹುಡುಕುವ ಮೊದಲು ನೌಕರಿ ಜಾಹೀರಾತು ಓದಿದೆ

ಕಾಲೇಜಿನ ಪರೀಕ್ಷಾ ವಿಭಾಗದ ಕಿಟಕಿಯ ಹಿಂದೆ ನಾನು ಹನ್ನೊಂದು ವರ್ಷ ಕೂತಿದ್ದೆ. ಹಾಲ್ ಟಿಕೆಟ್, ಮಾರ್ಕ್‌ಶೀಟ್, ರೀವ್ಯಾಲ್ಯುಯೇಶನ್, ಎಟಿಕೆಟಿ ಫಾರ್ಮು. ಎಟಿಕೆಟಿ ಅಂದರೆ ಏನು ಅಂತ ಮುಂಬಯಿಯಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಊರಿನವರಿಗೆ ಹೇಳುವುದಾದರೆ, ಕೆಲವು ವಿಷಯ ಫೇಲಾದರೂ ಮುಂದಿನ ತರಗತಿಗೆ ಹೋಗಲು ಬಿಡುವ ಏರ್ಪಾಡು. 2017ರಲ್ಲಿ ನಮ್ಮ ಓ.ಎಸ್., ಅಂದರೆ ಆಫೀಸ್ ಸೂಪರಿಂಟೆಂಡೆಂಟ್, ನಿವೃತ್ತರಾದರು. ಆ ಕುರ್ಚಿಗೆ ಬಂದವಳು ನನಗಿಂತ ಆರು ವರ್ಷ ಚಿಕ್ಕವಳು. ಅವಳ ಹತ್ತಿರ ಎಂ.ಕಾಂ. ಇತ್ತು. ನನ್ನದು ಬರೀ ಬಿ.ಕಾಂ.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅಪ್ಪನಿಗೆ ಹೇಳಿಕೊಂಡೆ. ಅವರು ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಫೋರ್ಟ್‌ನ ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. "ನಾನು ಟೇಬಲ್ ಒರೆಸಿ ಮೆಟ್ರಿಕ್ ಮಾಡಿದ್ದು. ನಿನಗೆ ಫ್ಯಾನಿನ ಕೆಳಗೆ ಕೂತು ಎಂ.ಎ. ಮಾಡ್ಲಿಕ್ಕೆ ಆಗುದಿಲ್ವಾ ಮಗಾ?" ಅಂದರು. ಅಷ್ಟೇ.

ಮೊದಲ ತಪ್ಪು ಅಲ್ಲೇ ಮಾಡಿದೆ. ಕೋರ್ಸಿನ ಬ್ರೋಷರುಗಳ ಹಿಂದೆ ಬಿದ್ದೆ. ಪುಣೆಯ ಒಂದು ಖಾಸಗಿ ಸಂಸ್ಥೆ 'ಉನ್ನತ ಶಿಕ್ಷಣ ಆಡಳಿತ' ಅಂತ ಚಂದದ ಹೆಸರಿನ ಕೋರ್ಸ್ ಇಟ್ಟಿತ್ತು. ಅದರ ಕೌನ್ಸೆಲರ್ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದ. ಸೀಟು ಹಿಡಿದಿಡಲು ಐದು ಸಾವಿರ ಕಟ್ಟಿದೆ. ಆಮೇಲೆ, ಇದು ಡಿಗ್ರಿಯೋ ಸರ್ಟಿಫಿಕೇಟೋ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಮಾನ್ಯತೆ ಇದೆಯೋ ಅಂತ ಕೇಳಿದ್ದೇ ತಡ, ಫೋನ್ ನಿಂತಿತು. ಐದು ಸಾವಿರವೂ ಹೋಯಿತು.

ಆ ಉರಿಯಲ್ಲೇ ಒಂದು ಭಾನುವಾರ ಡೊಂಬಿವಲಿಯ ಮನೆಯಲ್ಲಿ ಕೂತು ಉಲ್ಟಾ ಕೆಲಸ ಮಾಡಿದೆ. ಕೋರ್ಸ್ ಪಕ್ಕಕ್ಕಿಟ್ಟು, ನನಗೆ ಬೇಕಾದ ಕುರ್ಚಿಗಳ ಜಾಹೀರಾತು ತೆಗೆದು ಓದಿದೆ. ಅಸಿಸ್ಟೆಂಟ್ ರಿಜಿಸ್ಟ್ರಾರ್, ಡೆಪ್ಯುಟಿ ರಿಜಿಸ್ಟ್ರಾರ್, ರಿಜಿಸ್ಟ್ರಾರ್ (ವಿಶ್ವವಿದ್ಯಾಲಯದ ಕುಲಸಚಿವರು). ಯುಜಿಸಿ ನಿಯಮದ ಪ್ರಕಾರ ಅಸಿಸ್ಟೆಂಟ್ ರಿಜಿಸ್ಟ್ರಾರ್‌ಗೆ ಬೇಕಾದದ್ದು ಸ್ನಾತಕೋತ್ತರ ಪದವಿ, ಕನಿಷ್ಠ 55 ಶೇಕಡಾ ಅಂಕ. ಯಾವ ವಿಷಯ ಅಂತ ಕೇಳುವುದೇ ಇಲ್ಲ! ಇತಿಹಾಸದ ಎಂ.ಎ. ಆದರೂ ಸರಿ, ಕನ್ನಡದ ಎಂ.ಎ. ಆದರೂ ಸರಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಈ ಹುದ್ದೆಯ ಮೂಲ ವೇತನ 56,100ರಿಂದ ಶುರು. ಡೆಪ್ಯುಟಿ ಆಗಲು, ಆಡಳಿತದ ಕಡೆಯಿಂದ ಬರುವವರಿಗೆ, ಅಸಿಸ್ಟೆಂಟ್ ರಿಜಿಸ್ಟ್ರಾರ್ ಆಗಿ 5 ವರ್ಷ ಬೇಕು. ರಿಜಿಸ್ಟ್ರಾರ್‌ಗೆ 15 ವರ್ಷದ ಆಡಳಿತ ಅನುಭವ, ಅದರಲ್ಲಿ 8 ವರ್ಷ ಡೆಪ್ಯುಟಿ ಆಗಿ. ಮೇಷ್ಟರುಗಳಿಗೆ ಬೇರೆ ಬಾಗಿಲಿದೆ, ಅವರು ಪಾಠದ ಅನುಭವದ ಮೇಲೆ ನೇರ ಒಳಗೆ ಬರಬಹುದು. ನನಗೆ ಆಗ ಮೂವತ್ತಾರು. ಬೆರಳು ಮಡಚಿ ಲೆಕ್ಕ ಹಾಕಿದೆ.

ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ದೇಶದಲ್ಲಿ ಕೋರ್ಸಿನ ಹೆಸರು ಬಾಗಿಲು ತೆರೆಸುವುದಿಲ್ಲ. ಮಾನ್ಯತೆ ಇರುವ ಡಿಗ್ರಿ, 55 ಶೇಕಡಾ, ಮತ್ತು ಸಂದರ್ಶನದಲ್ಲಿ ಹೇಳಲು ಸ್ವಂತದ ಕೆಲಸ ಬೇಕು. ಹಾಗಂತ ಯಾವುದೋ ಸುಲಭದ ಎಂ.ಎ. ಮಾಡಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಓದಿದ್ದು ಕಿಟಕಿಯ ಈಚೆಗೂ ಉಪಯೋಗ ಆಗಬೇಕಲ್ವಾ?

ಬೋಸ್ಟನ್ನಿನಲ್ಲಿರುವ ನಮ್ಮ ಭಾವ, ಅಮೆರಿಕದಲ್ಲಿ ಉನ್ನತ ಶಿಕ್ಷಣ ಆಡಳಿತದ ಎಂ.ಎ. ಸಾಮಾನ್ಯ, ಇಲ್ಲಿಗೇ ಬಾ ಎಂದಿದ್ದರು. ನಿಜ, ಅಲ್ಲಿ ಅಡ್ಮಿಷನ್, ಫೈನಾನ್ಶಿಯಲ್ ಏಡ್, ವಿದ್ಯಾರ್ಥಿಗಳ ವಸತಿ, ಎಲ್ಲಕ್ಕೂ ಅದೇ ಓದಿದವರು ಇರುತ್ತಾರೆ. (ನಮ್ಮಲ್ಲಿ ವಸತಿ ಅಂದರೆ ಹಾಸ್ಟೆಲ್ ರೆಕ್ಟರ್, ಮತ್ತು ಅವರು ಯಾವಾಗಲೂ ಸಿಟ್ಟಿನಲ್ಲಿರುತ್ತಾರೆ.) ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್, ಅಂದರೆ ಓದುತ್ತಾ ಅಲ್ಲೇ ಮಾಡುವ ಅರೆಕಾಲಿಕ ಕೆಲಸ, ಸಿಕ್ಕರೆ ಫೀ ಕೂಡ ಹಗುರ. ಆದರೆ ವೀಸಾದ ಲೆಕ್ಕ ನೋಡಿದೆ. ಓದು ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಓಪಿಟಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯದವರಿಗೆ ಮತ್ತೆ 24 ತಿಂಗಳು ಸಿಗುತ್ತದೆ. ಉನ್ನತ ಶಿಕ್ಷಣ ಆಡಳಿತ ಆ ಪಟ್ಟಿಯಲ್ಲಿಲ್ಲ. ಸಾಲ ಮಾಡಿ ಹೋಗಿ ಒಂದು ವರ್ಷದಲ್ಲಿ ವೀಸಾಕ್ಕೆ ಸ್ಪಾನ್ಸರ್ ಮಾಡುವ ಕೆಲಸ ಹುಡುಕುವ ಧೈರ್ಯ ನನಗಿರಲಿಲ್ಲ. ಮಗ ಬೇರೆ ನಾಲ್ಕನೇ ಕ್ಲಾಸು.

ಉಳಿದದ್ದು ಇಲ್ಲಿನವು. ಎಂ.ಎಡ್.ಗೆ ಬಿ.ಎಡ್. ಬೇಕು, ಅದು ಆಗದ ಮಾತು. ದೇವನಾರ್‌ನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಚಂದ, ಆದರೆ ಅಲ್ಲಿ ಓದಲು ನೌಕರಿ ಬಿಡಬೇಕಿತ್ತು. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಜುಹು ಕ್ಯಾಂಪಸ್ಸಿನಲ್ಲಿ ಎಜುಕೇಶನ್ ಮ್ಯಾನೇಜ್‌ಮೆಂಟ್ ವಿಭಾಗವಿದೆ, ಹೆಂಗಸರಿಗೆ ಒಳ್ಳೆಯ ಜಾಗ. ಡೊಂಬಿವಲಿಯಿಂದ ದಾದರ್, ದಾದರ್‌ನಿಂದ ಸಾಂತಾಕ್ರೂಜ್, ಅಲ್ಲಿಂದ ಬಸ್. ಒಂದು ಸಲ ಹೋಗಿ ಬಂದೆ, ಮರುದಿನ ಆ ಯೋಚನೆ ಬಿಟ್ಟೆ. ಹತ್ತಿರ ಇರುವವರು ಬಿಡಬೇಡಿ.

ಕೊನೆಗೆ ದೂರ ಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಎಂ.ಎ. ಎಜುಕೇಶನ್. ಬಿ.ಎಡ್. ಬೇಡ, ಯಾವುದೇ ಪದವಿ ಸಾಕು. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೆ ಎಳೆಯಬಹುದು. ಎರಡು ವರ್ಷದ ಫೀ ನನ್ನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ವಿಶೇಷ ವಿಷಯವಾಗಿ ಉನ್ನತ ಶಿಕ್ಷಣ, ಎಜುಕೇಶನಲ್ ಮ್ಯಾನೇಜ್‌ಮೆಂಟ್, ದೂರ ಶಿಕ್ಷಣ, ಶೈಕ್ಷಣಿಕ ತಂತ್ರಜ್ಞಾನ, ಇವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಮ್ಯಾನೇಜ್‌ಮೆಂಟ್ ಎಂಬ ಪದಕ್ಕೆ ಮರುಳಾಗಿದ್ದೆ. ಎರಡರ ಪುಸ್ತಕವನ್ನೂ ತಿರುವಿ ನೋಡಿದಾಗ ಮ್ಯಾನೇಜ್‌ಮೆಂಟಿನದ್ದು ಶಾಲೆಯ ಕಡೆ ವಾಲಿದಂತೆ ಕಂಡಿತು. ಉನ್ನತ ಶಿಕ್ಷಣ ತೆಗೆದುಕೊಂಡೆ. ಅದರಲ್ಲಿ ಯೋಜನೆ ಮತ್ತು ನಿರ್ವಹಣೆಯ ಒಂದು ಪತ್ರಿಕೆ ಇದೆ. ಇನ್ನೊಂದು ಲಾಭ, ಈ ಎಂ.ಎ. ಇದ್ದರೆ ಶಿಕ್ಷಣ ವಿಷಯದಲ್ಲಿ ನೆಟ್, ಅಂದರೆ ಕಾಲೇಜು ಮೇಷ್ಟರಾಗಲು ಬೇಕಾದ ಅರ್ಹತಾ ಪರೀಕ್ಷೆ, ಬರೆಯಬಹುದು. ಆಡಳಿತ ಕೈಕೊಟ್ಟರೆ ಪಾಠದ ದಾರಿ ಇರುತ್ತದೆ.

2018ರಲ್ಲಿ ಸೇರಿದೆ. ಲೋಕಲ್‌ನಲ್ಲಿ ಸೀಟು ಸಿಕ್ಕಿದ ದಿನ ಓದು, ಸಿಗದ ದಿನ ಇಲ್ಲ. ಅಸೈನ್‌ಮೆಂಟ್ ಒಪ್ಪಿಸಲು ಹೋಗಿ ಸಾಲಿನಲ್ಲಿ ನಿಂತಾಗ ಮಾತ್ರ ಕಿಟಕಿಯ ಆಚೆ ಇರುವ ಕಷ್ಟ ಗೊತ್ತಾಯಿತು. ಪಾಸಾಗುವುದಕ್ಕೆ 40 ಸಾಕು, ನನಗೆ ಬೇಕಾದದ್ದು 55. ಮೊದಲ ವರ್ಷ ಒಂದು ಪತ್ರಿಕೆಯಲ್ಲಿ 47 ಬಂದಾಗ ನಿದ್ದೆ ಹಾರಿತು. ಅಸೈನ್‌ಮೆಂಟುಗಳಿಂದ ಅದನ್ನು ಮೇಲೆತ್ತಿದೆ. ಆಮೇಲೆ ಕೊರೊನಾ ಬಂತು, 2020ರ ಜೂನ್ ಪರೀಕ್ಷೆ ಸೆಪ್ಟೆಂಬರ್‌ಗೆ ಹೋಯಿತು.

ನನ್ನನ್ನು ದಾಟಿಸಿದ್ದು ಎಂ.ಎ.ಯ ಸಂಶೋಧನಾ ಪ್ರಬಂಧ. ಗೈಡ್ ಮೇಡಂ ದೊಡ್ಡ ವಿಷಯ ಹೇಳಿದರು, ಜಾಗತೀಕರಣ ಅದೂ ಇದೂ. ನಾನು ನಮ್ಮ ಕಿಟಕಿಯನ್ನೇ ಹಿಡಿದೆ. ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ, ಬಂದ ಪ್ರತಿ ವಿದ್ಯಾರ್ಥಿ ಏನು ಕೇಳಿದ ಅಂತ ಗೀಟು ಹಾಕಿದೆ. ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ. ರೀವ್ಯಾಲ್ಯುಯೇಶನ್ ಕೊನೆಯ ದಿನ ಯಾವಾಗ, ಮಾರ್ಕ್‌ಶೀಟಿನಲ್ಲಿ ಹೆಸರು ತಪ್ಪಾದರೆ ಏನು ಮಾಡಬೇಕು. ಎರಡಕ್ಕೂ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ದೊಡ್ಡ ಬೋರ್ಡ್ ಬರೆಸಿ ಹಾಕಿಸಿದೆವು. ಸಾಲು ಅರ್ಧಕ್ಕಿಳಿಯಿತು.

2021ರಲ್ಲಿ ಪಾಸಾದೆ, 61 ಶೇಕಡಾ. ಅಷ್ಟರಲ್ಲಿ ಮುಂಬಯಿಯ ಗಾಳಿಯೂ ಬದಲಾಗಿತ್ತು. 2019ರಲ್ಲಿ ಸೋಮಯ್ಯ ವಿದ್ಯಾವಿಹಾರ ಮತ್ತು ಡಾ. ಹೋಮಿ ಭಾಭಾ, 2020ರಲ್ಲಿ ಎಚ್‌ಎಸ್‌ಎನ್‌ಸಿ, ಹೀಗೆ ಕಾಲೇಜುಗಳೇ ವಿಶ್ವವಿದ್ಯಾಲಯಗಳಾದವು. ಹೊಸ ವಿಶ್ವವಿದ್ಯಾಲಯ ಅಂದರೆ ಹೊಸ ಪರೀಕ್ಷಾ ವಿಭಾಗ, ಹೊಸ ರಿಜಿಸ್ಟ್ರಾರ್ ಕಚೇರಿ.

ಎರಡು ಸಂದರ್ಶನದಲ್ಲಿ ಬಿದ್ದೆ. ಮೂರನೆಯದು 2023ರಲ್ಲಿ, ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. "ಡಿಸ್ಟೆನ್ಸ್ ಡಿಗ್ರಿನಾ?" ಎಂದು ಒಬ್ಬರು ಮುಖ ಕಿವುಚಿದರು. ದೂರ ಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಪ್ರಕಟಣೆಯ ಪ್ರತಿ ಫೈಲಿನಲ್ಲಿತ್ತು. ಮುಂದಿಟ್ಟೆ. ಆಮೇಲೆ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಬಗ್ಗೆ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಜಮೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಗ್ಗೆ ಕೇಳಿದರು, ಅವು ಕಿಟಕಿಯಲ್ಲೇ ಕಲಿತದ್ದು. ಎಂ.ಎ. ಪಠ್ಯದಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ಅವರು ನನ್ನ ನೋಟ್‌ಬುಕ್ಕನ್ನೇ ತಿರುವಿದರು.

ಈಗ ನನ್ನ ಮೇಜಿನ ಮೇಲೆ ಅಸಿಸ್ಟೆಂಟ್ ರಿಜಿಸ್ಟ್ರಾರ್ ಎಂಬ ಹಲಗೆ ಇದೆ. ಡೆಪ್ಯುಟಿಗೆ 5 ವರ್ಷ ಬೇಕು ಅಂದೆನಲ್ಲ, 2 ಮುಗಿದಿವೆ.