ಅಪ್ಪನಿಗೆ ಸರ್ಕಾರಿ ಕಾರ್ಡು, ಹೆಂಡತಿಗೆ ಪ್ರೈವೇಟ್ ಪಾಲಿಸಿ: ನನ್ನ ಅನುಭವ

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತು ಹನ್ನೊಂದು ವರ್ಷ ಆಯಿತು. ಬೆಳಗ್ಗೆ ಹೋದ ತಕ್ಷಣ ಕಿವಿಗೆ ಬೀಳುವ ಮಾತು, "ಸಾರ್, ಅಪ್ರೂವಲ್ ಬಂತಾ?" ಸಂಜೆ ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವಾಗಲೂ ಅದೇ ಮಾತು. ಮದುವೆ ಮನೆಗೆ ಹೋದರೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. "ಸರ್ಕಾರದ್ದು ಒಳ್ಳೇದಾ, ಪ್ರೈವೇಟ್ ಒಳ್ಳೇದಾ?" ಎಲೆ ಮುಂದೆ ಕೂತು ಇದಕ್ಕೆ ಉತ್ತರ ಹೇಳಿ ಮುಗಿಯುವುದಿಲ್ಲ. ಅಷ್ಟರಲ್ಲಿ ಪಾಯಸ ಬಂದಿರುತ್ತದೆ.

ನನಗೂ ಇದು ಸರಿಯಾಗಿ ಅರ್ಥವಾಗಿದ್ದು ಡೆಸ್ಕಿನ ಆಚೆ ಬದಿಯಲ್ಲಿ ನಿಂತಾಗ. ಒಂದೇ ವರ್ಷದಲ್ಲಿ ಅಪ್ಪನಿಗೆ ಸ್ಟೆಂಟ್, ಹೆಂಡತಿಗೆ ಪಿತ್ತಕೋಶದ ಆಪರೇಷನ್. ಅಪ್ಪನದು ಸರ್ಕಾರಿ ಕಾರ್ಡಿನಲ್ಲಿ, ಅವಳದು ನಾನು ವರ್ಷಾವರ್ಷ ಪ್ರೀಮಿಯಂ ಕಟ್ಟುತ್ತಿದ್ದ ಪಾಲಿಸಿಯಲ್ಲಿ.

ಅಪ್ಪ ಅಮ್ಮ ಮಂಡ್ಯ ಕಡೆಯ ಹಳ್ಳಿಯಲ್ಲಿದ್ದಾರೆ. ಅವರದೇ ಬೇರೆ ಬಿಪಿಎಲ್ ಕಾರ್ಡಿದೆ. ಅಪ್ಪನಿಗೆ 68 ವರ್ಷ, ಶುಗರ್ ಬಂದು ಹನ್ನೆರಡು ವರ್ಷ. ಇಬ್ಬರಿಗೂ ಸೇರಿಸಿ ಒಂದು ಪ್ರೈವೇಟ್ ಪಾಲಿಸಿ ಮಾಡಿಸೋಣ ಎಂದು ಮೊದಲೇ ಒಮ್ಮೆ ವಿಚಾರಿಸಿದ್ದೆ. ವರ್ಷಕ್ಕೆ 58,000 ರೂಪಾಯಿ ಹೇಳಿದರು. ಅದರ ಮೇಲೆ ಶುಗರ್‌ಗೆ ಸಂಬಂಧಪಟ್ಟಿದ್ದಕ್ಕೆ ಮೂರು ವರ್ಷ ಕಾಯಬೇಕು, ಪ್ರತಿ ಬಿಲ್ಲಿನಲ್ಲೂ ಶೇ 20ರಷ್ಟು ನಾವೇ ಕಟ್ಟಬೇಕು. ಸುಮ್ಮನೆ ಫೋನ್ ಇಟ್ಟೆ.

ಉಳಿದಿದ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಶುರು ಮಾಡಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಯೋಜನೆ ಜೊತೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರದ, ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಎಲ್ಲರೂ ಇದನ್ನು ಇನ್ಶೂರೆನ್ಸ್ ಅನ್ನುತ್ತಾರೆ. ನಿಜವಾಗಿ ಇದರೊಳಗೆ ಇನ್ಶೂರೆನ್ಸ್ ಕಂಪನಿಯೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಸರ್ಕಾರದ್ದೇ ಒಂದು ಟ್ರಸ್ಟ್ ಇದೆ, ಅದೇ ಆಸ್ಪತ್ರೆಗೆ ದುಡ್ಡು ಕೊಡುತ್ತದೆ. ಪ್ರೀಮಿಯಂ ಇಲ್ಲ. ವಯಸ್ಸಾಯಿತು ಅಂತ ದರ ಏರುವುದಿಲ್ಲ. ಮುಖ್ಯವಾಗಿ, "ಶುಗರ್ ಯಾವಾಗಿನಿಂದ?" ಎಂದು ಯಾರೂ ಕೆದಕುವುದಿಲ್ಲ. ಇದು ಎಷ್ಟು ದೊಡ್ಡ ಮಾತು ಅನ್ನುವುದು ನನ್ನಂಥ ಡೆಸ್ಕಿನಲ್ಲಿ ಕೂತವರಿಗೇ ಗೊತ್ತು. ಆ ಕಥೆ ಆಮೇಲೆ ಹೇಳುತ್ತೇನೆ.

ಅಪ್ಪನಿಗೆ ಗದ್ದೆ ಬದು ಹತ್ತುವಾಗ ಎದೆ ಹಿಡಿದಂತೆ ಆಗುತ್ತಿತ್ತು. ಕೂತರೆ ಸರಿಹೋಗುತ್ತಿತ್ತು. ನಾನೇನೋ ಬುದ್ಧಿವಂತ ಅಂದುಕೊಂಡು, ಪರಿಚಯದ ಪ್ರೈವೇಟ್ ಆಸ್ಪತ್ರೆಯಲ್ಲೇ ಕಾರ್ಡ್ ಮೇಲೆ ಮಾಡಿಸಿಬಿಡೋಣ ಎಂದು ಲೆಕ್ಕ ಹಾಕಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಎಮರ್ಜೆನ್ಸಿ ಆದರೆ ನೇರವಾಗಿ ಹೋಗಬಹುದು, ಇಲ್ಲದಿದ್ದರೆ ರೆಫರಲ್ ಇಲ್ಲದೆ ಫೈಲೇ ಓಡುವುದಿಲ್ಲ. ಮೊದಲ ದಿನ ತಾಲ್ಲೂಕು ಆಸ್ಪತ್ರೆಗೆ ಹೋದರೆ ಡಾಕ್ಟರ್ ರಜೆ. ಎರಡನೇ ದಿನ ಸರ್ವರ್ ಇಲ್ಲ. ಮೂರನೇ ದಿನ ಡಾಕ್ಟರ್ ಸಿಕ್ಕರು, ಇಸಿಜಿ ನೋಡಿದರು, ಕನ್ನಡಕ ತೆಗೆದು ಕೇಳಿದರು: "ಮೈಸೂರಲ್ಲಿ ಜಯದೇವ ಇರುವಾಗ ಪ್ರೈವೇಟ್‌ಗೆ ಯಾಕ್ರೀ ಬರೆದುಕೊಡಲಿ?"

ಅವರು ಹೇಳಿದ್ದು ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಸಿಗದಿದ್ದರೆ ಮಾತ್ರ ಖಾಸಗಿಗೆ ಕಳಿಸಬೇಕು. ಹನ್ನೊಂದು ವರ್ಷ ಇದೇ ಕಾಗದ ನೋಡಿದ ನನಗೇ ಮೂರು ದಿನ ಹಾಳಾಯಿತು. ಇನ್ನು ಹಳ್ಳಿಯಿಂದ ಒಬ್ಬರೇ ಬರುವ ಯಜಮಾನರ ಗತಿ?

ಇನ್ನೊಂದು ಕೆಲಸವನ್ನೂ ಆ ದಿನಗಳಲ್ಲಿ ಮಾಡಿದ್ದೆ. ಒಂದು ಆಸ್ಪತ್ರೆಗೆ ಫೋನ್ ಮಾಡಿ ಕಾರ್ಡಿದೆ ಎಂದೆ. "ಸದ್ಯಕ್ಕೆ ಬೆಡ್ ಇಲ್ಲ ಸಾರ್" ಅಂದರು. ಹತ್ತು ನಿಮಿಷ ಬಿಟ್ಟು ನನ್ನ ಸಹೋದ್ಯೋಗಿ ಅದೇ ನಂಬರಿಗೆ ಮಾಡಿ ಕ್ಯಾಶ್ ಪೇಷಂಟ್ ಅಂದ. ಬೆಡ್ ಇತ್ತು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅದೇ ವಾಕ್ಯವನ್ನು ನನ್ನ ಕುರ್ಚಿಯಿಂದ ನಾನೂ ಎಷ್ಟೋ ಸಲ ಹೇಳಿದ್ದೇನೆ. ಯೋಜನೆಯಲ್ಲಿ ಪ್ರತಿ ಚಿಕಿತ್ಸೆಗೂ ಒಂದೇ ಪ್ಯಾಕೇಜ್ ದರ. ಮೂರು ದಿನ ಇರಲಿ, ಏಳು ದಿನ ಇರಲಿ, ಸಿಗುವುದು ಅಷ್ಟೇ. ದುಡ್ಡು ಬರುವುದೂ ನಿಧಾನ. ಹಾಗಾಗಿ ಕಾರ್ಡಿನವರಿಗೆ ಇಷ್ಟೇ ಬೆಡ್ ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿರುತ್ತಾರೆ. ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಕೊನೆಗೆ ಕೆಆರ್‌ಎಸ್ ರಸ್ತೆಯ ಜಯದೇವಕ್ಕೇ ಹೋದೆವು. ಜನ ಜಾತ್ರೆ. ಬೆಳಗ್ಗೆ ಆರಕ್ಕೆ ಚೀಟಿಗೆ ನಿಂತು, ಮಧ್ಯಾಹ್ನ ಡಾಕ್ಟರ್ ನೋಡಿದರು. ಆಂಜಿಯೋಗ್ರಾಂನಲ್ಲಿ ಎರಡು ಬ್ಲಾಕ್ ಕಂಡವು, ಎರಡು ಸ್ಟೆಂಟ್ ಹಾಕಿದರು. ಚಿಕಿತ್ಸೆಗೆ ಒಂದು ರೂಪಾಯಿ ಕೇಳಲಿಲ್ಲ. ಬಸ್ಸು, ಊಟ, ಅಮ್ಮನಿಗೆ ಉಳಿಯಲು ರೂಮು ಎಲ್ಲಾ ಸೇರಿ ನಾಲ್ಕು ಸಾವಿರ ಖರ್ಚಾಗಿರಬಹುದು. ಸ್ಟೆಂಟ್ ವಿಷಯ ಬಂದಿದ್ದಕ್ಕೆ ಒಂದು ಮಾತು: 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿತು. ಅದಕ್ಕೆ ಮೊದಲು ಒಂದಕ್ಕೇ ಲಕ್ಷ ದಾಟಿದ ಬಿಲ್ಲುಗಳನ್ನು ನಾನೇ ಪ್ರಿಂಟ್ ತೆಗೆದಿದ್ದೇನೆ. ಪ್ರೈವೇಟ್ ಪಾಲಿಸಿ ಇದ್ದವರ ದುಡ್ಡೂ ಅದರಿಂದ ಉಳಿಯಿತು, ಅಲ್ವಾ?

ಆರು ತಿಂಗಳಿಗೆ ಹೆಂಡತಿಗೆ ರಾತ್ರಿ ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು. ಪಾಲಿಸಿ ಮಾಡಿಸಿ ನಾಲ್ಕು ವರ್ಷ ಆಗಿತ್ತು, ಕಲ್ಲಿಗೆ ಇದ್ದ ಎರಡು ವರ್ಷದ ಕಾಯುವ ಅವಧಿ ಮುಗಿದಿತ್ತು. ನಮ್ಮ ಆಸ್ಪತ್ರೆಯಲ್ಲೇ ಸೇರಿಸಿದೆ. ರೆಫರಲ್ ಬೇಕಿಲ್ಲ, ಕ್ಯೂ ಇಲ್ಲ. ಕ್ಯಾಶ್‌ಲೆಸ್ ಕೋರಿಕೆಗೆ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟಲಿ ಎಂಬ ಕೋರಿಕೆ) ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಎಂದು ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಕಂಪನಿಗಳಿಗೆ ಹೇಳಿದೆ. ಮೊದಲ ಅಪ್ರೂವಲ್ ಐವತ್ತು ನಿಮಿಷಕ್ಕೆ ಬಂತು. ಮಾರನೇ ದಿನವೇ ಆಪರೇಷನ್. ಆಹಾ ಅನಿಸಿತು.

ಡಿಸ್ಚಾರ್ಜ್ ದಿನ ನಶೆ ಇಳಿಯಿತು. ಪಾಲಿಸಿ ಮೊತ್ತ 3 ಲಕ್ಷ, ರೂಮ್ ಬಾಡಿಗೆಗೆ ಮಿತಿ ಅದರ ಶೇ 1, ಅಂದರೆ ದಿನಕ್ಕೆ 3,000. ನಾನು ತೆಗೆದುಕೊಂಡಿದ್ದು 6,000ದ ರೂಮು. ಮೂರು ದಿನಕ್ಕೆ ಹೆಚ್ಚೆಂದರೆ 9,000 ಕೈಯಿಂದ ಹೋಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ರೂಮು ಎರಡು ಪಟ್ಟು ಆದರೆ ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅರ್ಧ ಕತ್ತರಿಸುತ್ತಾರೆ. ಒಟ್ಟು ಬಿಲ್ 1,20,000. ರೂಮಿನ 18,000ದಲ್ಲಿ 9,000, ಆಪರೇಷನ್ ಕಡೆಯ 60,000ದಲ್ಲಿ 30,000. ಔಷಧಿ, ಟೆಸ್ಟು ಇತ್ಯಾದಿಯ 42,000ದಲ್ಲಿ ಮಾತ್ರ ಅರ್ಧ ಕತ್ತರಿಸಲಿಲ್ಲ. ಗ್ಲೌಸು, ಅಡ್ಮಿಷನ್ ಕಿಟ್ಟು ಅಂತ ಅದರಲ್ಲೂ 3,000 ಹೋಯಿತು. ಕಂಪನಿ ಕೊಟ್ಟಿದ್ದು 78,000. ಉಳಿದ 42,000 ನಾನು ಕಟ್ಟಿದೆ. ಬೇರೆಯವರ ಪಾಲಿಸಿಯನ್ನು ದಿನಾ ಓದುವ ನಾನು ನನ್ನದನ್ನು ಓದಿರಲಿಲ್ಲ. ಅಗ್ಗ ಅಂತ ತೆಗೆದುಕೊಂಡಿದ್ದೆ, ಅಷ್ಟೇ.

ಅದಕ್ಕಿಂತ ಹೆದರಿಸಿದ್ದು ಬಿಲ್ಲಿಗೆ ಮೊದಲು ಕಂಪನಿಯಿಂದ ಬಂದ ಕ್ವೆರಿ, ಅಂದರೆ ವಿವರಣೆ ಕೇಳುವ ಪ್ರಶ್ನೆ. ಸೇರಿಸಿದ ರಾತ್ರಿ ಡ್ಯೂಟಿ ಡಾಕ್ಟರ್ ಕೇಳಿದ್ದರು, "ಥೈರಾಯ್ಡ್ ಎಷ್ಟು ವರ್ಷದಿಂದ?" ನೋವಿನಲ್ಲಿ ಇವಳು "ಐದಾರು ವರ್ಷ ಆಯ್ತು" ಅಂದಳು. ಕೇಸ್ ಶೀಟಿನಲ್ಲಿ ಆರು ವರ್ಷ ಎಂದು ಬರೆದರು. ನಾಲ್ಕು ವರ್ಷದ ಪಾಲಿಸಿ, ಆರು ವರ್ಷದ ಕಾಯಿಲೆ! ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟಿದ್ದೀರಿ ಅನ್ನಲು ಇಷ್ಟು ಸಾಕು. ನಿಜವಾಗಿ ಥೈರಾಯ್ಡ್ ಗೊತ್ತಾಗಿದ್ದು ಪಾಲಿಸಿ ಆದ ಮೇಲೆ. ಬೀರುವಿನಲ್ಲಿ ಸೀರೆ ಅಡಿ ಸಿಕ್ಕ ಹಳೇ ಚೀಟಿ ನಮ್ಮನ್ನು ಉಳಿಸಿತು.

ಎಲ್ಲರಿಗೂ ಚೀಟಿ ಸಿಗುವುದಿಲ್ಲ. ಒಬ್ಬರು ಹಿರಿಯರು "ಬಿಪಿ ಹತ್ತು ವರ್ಷ ಇರಬಹುದು ಬಿಡಿ ಡಾಕ್ಟ್ರೇ" ಅಂದಿದ್ದರು. ಆ ಒಂದು ಸಾಲಿಗೆ ಅವರ ಕ್ಲೇಮ್ ಪೂರ್ತಿ ತಿರಸ್ಕಾರವಾಯಿತು. ಪಾಲಿಸಿ ಏಳು ವರ್ಷ ಹಳೆಯದು. ಬಿಡದೆ ಐದು ವರ್ಷ ಕಟ್ಟಿದ ಮೇಲೆ, ಮೋಸ ಎಂದು ಸಾಬೀತು ಮಾಡದ ಹೊರತು, ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. 2024ರ ಮೊದಲು ಇದು ಎಂಟು ವರ್ಷ ಇತ್ತು. ನಾನೇ ಕಂಪನಿಗೆ ದೂರು ಬರೆದುಕೊಟ್ಟೆ. ಮೂವತ್ತು ದಿನ ಉತ್ತರವಿಲ್ಲ. ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆ ದೂರುಗಳನ್ನು ವಿಚಾರಿಸುವ ಅಧಿಕಾರಿ) ಅರ್ಜಿ ಹಾಕಿಸಿದೆ. ಅಲ್ಲಿ ಫೀಸಿಲ್ಲ, ಲಾಯರ್ ಬೇಕಿಲ್ಲ. ನಾಲ್ಕು ತಿಂಗಳಿಗೆ ದುಡ್ಡು ಬಂತು. ಅವರು ತಂದುಕೊಟ್ಟ ತೆಂಗಿನಕಾಯಿ ಮೂರು ವಾರ ಸಾಂಬಾರಿಗೆ ಆಯಿತು.

ಈಗ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಇಷ್ಟು ಹೇಳುತ್ತೇನೆ. ಸರ್ಕಾರದ್ದರಲ್ಲಿ ಗುದ್ದಾಟ ಬಾಗಿಲಲ್ಲೇ ಮುಗಿಯುತ್ತದೆ, ಒಳಗೆ ಹೋದವರು ಸಾಲ ಇಲ್ಲದೆ ಹೊರಬರುತ್ತಾರೆ. ಪ್ರೈವೇಟ್‌ನಲ್ಲಿ ಬಾಗಿಲು ತೆರೆದೇ ಇರುತ್ತದೆ, ಗುದ್ದಾಟ ಬಿಲ್ಲಿನ ಹೊತ್ತಿಗೆ. ವಯಸ್ಸಾದವರಿಗೆ, ಹಳೇ ಕಾಯಿಲೆ ಇದ್ದವರಿಗೆ, ಕಾಯಲು ಸಮಯ ಇರುವ ದೊಡ್ಡ ಚಿಕಿತ್ಸೆಗೆ ನಾನು ಕಣ್ಣು ಮುಚ್ಚಿ ಸರ್ಕಾರಿ ಕಾರ್ಡ್ ಅನ್ನುತ್ತೇನೆ. ಅಪ್ಪನ ತಿಂಗಳ ಮಾತ್ರೆಗೆ ಮಾತ್ರ ಎರಡರಿಂದಲೂ ಉಪಯೋಗವಿಲ್ಲ. ಅದನ್ನು ಜನೌಷಧಿ ಅಂಗಡಿಯಿಂದ ತರುತ್ತೇನೆ.

ನಮ್ಮ ಪಾಲಿಸಿಯನ್ನು ರೂಮ್ ಮಿತಿ ಇಲ್ಲದ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆ, ಅಂದರೆ ವರ್ಗಾಯಿಸಿದೆ. ನವೀಕರಣಕ್ಕೆ ಎರಡು ತಿಂಗಳಿರುವಾಗಲೇ ಅರ್ಜಿ ಹಾಕಿದ್ದರಿಂದ ಕಾದ ವರ್ಷಗಳು ಹಾಗೇ ಉಳಿದವು. ಈ ಸಲ ಥೈರಾಯ್ಡನ್ನು ಮೊದಲ ಚೀಟಿಯ ತಾರೀಖಿನ ಸಮೇತ ಫಾರಂನಲ್ಲಿ ಬರೆದೆ. 2025ರ ಸೆಪ್ಟೆಂಬರ್ 22ರಿಂದ ಮನೆಮಂದಿಯ ಆರೋಗ್ಯ ವಿಮೆಗೆ ಇದ್ದ ಶೇ 18 ಜಿಎಸ್‌ಟಿ ಹೋಯಿತಲ್ಲ, ನವೆಂಬರ್‌ನಲ್ಲಿ ಕಡಿಮೆ ಬರುತ್ತದೆ ಎಂದು ಖುಷಿಯಲ್ಲಿದ್ದೆ. ನೋಟಿಸ್ ಬಂತು. ನನಗೆ 46 ತುಂಬಿತ್ತು, ಪ್ರೀಮಿಯಂ ಹೆಚ್ಚಿರುವ ಮುಂದಿನ ವಯಸ್ಸಿನ ಗುಂಪಿಗೆ ಹೋಗಿದ್ದೆ. ಜಿಎಸ್‌ಟಿ ಜಾಗದಲ್ಲಿ ಸೊನ್ನೆ, ಕಟ್ಟಬೇಕಾದ ಮೊತ್ತ ಹೋದ ವರ್ಷಕ್ಕಿಂತ 1,100 ಜಾಸ್ತಿ. ಕಟ್ಟಿದೆ.