‘ಪರ್ಮನೆಂಟ್ ಡಿಲೀಟ್ ಮಾಡಲೇ?’ ಎಂದಾಗ ಎಸ್ ಒತ್ತುವ ಮುಂಚೆ

ಡಿಲೀಟ್ ಮಾಡುವಾಗ ಕಂಪ್ಯೂಟರ್ ಕೇಳುವ ಪ್ರಶ್ನೆಯಲ್ಲಿ ಮುಖ್ಯವಾದ ಮಾತೇ ಇರುವುದಿಲ್ಲ: ಅಸಲು ಫೈಲ್ ಎಲ್ಲಿದೆ, ಎಸ್ (Yes) ಒತ್ತಿದರೆ ಎಲ್ಲೆಲ್ಲಿಂದ ಹೋಗುತ್ತದೆ? ಕಲಬುರಗಿ ಗಂಜಿನ ಅಡತ್ ಅಂಗಡಿಯ ತೊಗರಿ ಲೆಕ್ಕ, ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿಯ ಲಗ್ನಪತ್ರಿಕೆ ಫೈಲು ಅವಸರದ ಒಂದು ಎಸ್‌ನಿಂದ ಮಾಯವಾಗುವುದು ಹೀಗೆಯೇ.

ಮೊದಲು, ಕಂಪ್ಯೂಟರ್ ಪ್ರತಿಸಲ ಕೇಳುವಂತೆ ಮಾಡಿ. ವಿಂಡೋಸ್ 8ರಿಂದ ಈಚೆಗೆ ಡಿಲೀಟ್ ಒತ್ತಿದರೆ ಫೈಲ್ ಏನನ್ನೂ ಕೇಳದೆ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಬಿನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೆಳಗಿನ ‘ಡಿಸ್‌ಪ್ಲೇ ಡಿಲೀಟ್ ಕನ್ಫರ್ಮೇಶನ್ ಡೈಲಾಗ್’ಗೆ ಟಿಕ್ ಹಾಕಿ. ಅಲ್ಲೇ ಸಿ, ಡಿ ಡ್ರೈವ್‌ಗಳನ್ನು ಒಂದೊಂದಾಗಿ ಆರಿಸಿ, ಬಿನ್‌ಗೆ ಎಷ್ಟು ಜಾಗ ಕೊಟ್ಟಿದೆ ಎಂದು ನೋಡಿ. ಅದಕ್ಕಿಂತ ದೊಡ್ಡ ಫೈಲ್ ಬಿನ್‌ನಲ್ಲಿ ಹಿಡಿಸುವುದಿಲ್ಲ, ನೇರವಾಗಿ ಹೋಗುತ್ತದೆ. ಮದುವೆ ವಿಡಿಯೋ ಇಟ್ಟುಕೊಳ್ಳುವ ಸ್ಟುಡಿಯೋದವರು ಇದನ್ನು ಮರೆಯಬಾರದು.

ಇನ್ನು ಪ್ರಶ್ನೆಯನ್ನು ಓದುವ ಬಗೆ. ‘ಮೂವ್ ಟು ರೀಸೈಕಲ್ ಬಿನ್’ ಎಂದಿದ್ದರೆ ಚಿಂತೆ ಇಲ್ಲ. ‘ಪರ್ಮನೆಂಟ್ಲಿ’ ಎಂಬ ಪದ ಕಂಡರೆ ಕೈ ತಡೆಯಿರಿ. ನೀವು ಶಿಫ್ಟ್ ಒತ್ತಿರಬಹುದು, ಫೈಲ್ ಪೆನ್‌ಡ್ರೈವ್‌ನಲ್ಲಿರಬಹುದು, ಇಲ್ಲವೇ ನೆಟ್‌ವರ್ಕ್‌ನಲ್ಲಿ ಶೇರ್ ಮಾಡಿದ ಪಕ್ಕದ ಕಂಪ್ಯೂಟರಿನ ಫೋಲ್ಡರ್‌ನಲ್ಲಿರಬಹುದು. ಪೆನ್‌ಡ್ರೈವ್‌ಗೆ ಸಾಮಾನ್ಯವಾಗಿ ಬಿನ್ ಇರುವುದಿಲ್ಲ. ಶೇರ್ ಫೋಲ್ಡರ್‌ನಲ್ಲಿ ಅಳಿಸಿದ್ದು ಈ ಕಂಪ್ಯೂಟರಿನ ಬಿನ್‌ಗೂ ಬರುವುದಿಲ್ಲ, ಆ ಕಂಪ್ಯೂಟರಿನ ಬಿನ್‌ಗೂ ಹೋಗುವುದಿಲ್ಲ. ಎರಡು ಮೂರು ಸಿಸ್ಟಮ್ ಜೋಡಿಸಿಕೊಂಡ ಅಂಗಡಿಗಳಲ್ಲಿ ಹಳೇ ಫೈಲು ತೆಗೆಯುವ ಕೆಲಸವನ್ನು ಅಸಲು ಫೋಲ್ಡರ್ ಇರುವ ಕಂಪ್ಯೂಟರ್ ಮುಂದೆ ಕೂತೇ ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಒನ್‌ಡ್ರೈವ್, ಅಂದರೆ ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟಿನ ಸೇವೆ. ಹೊಸ ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಬ್ಯಾಕಪ್‌ಗೆ ಒಪ್ಪಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರಿನೊಳಗೆ ಸೇರುತ್ತವೆ. ಉಚಿತ 5 ಜಿಬಿ ತುಂಬಿದಾಗ ‘ಜಾಗ ಇಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ‘ಲ್ಯಾಪ್‌ಟಾಪಿನಲ್ಲಿ ಹೇಗೂ ಒಂದು ಪ್ರತಿ ಇದೆಯಲ್ಲ’ ಎಂದು ಒನ್‌ಡ್ರೈವ್ ವೆಬ್‌ಸೈಟಿನಲ್ಲಿ ಅಳಿಸಿದರೆ ಲ್ಯಾಪ್‌ಟಾಪಿನದೂ ಹೋಗುತ್ತದೆ, ಏಕೆಂದರೆ ಅವು ಎರಡು ಪ್ರತಿಗಳಲ್ಲ, ಎರಡು ಕಡೆ ಕಾಣುವ ಒಂದೇ ಫೈಲು. ಬ್ಯಾಕಪ್ ಎಂಬ ಹೆಸರೇ ಇಲ್ಲಿ ತಪ್ಪು ಭರವಸೆ ಕೊಡುತ್ತದೆ. ಸರಿಯಾದ ಕ್ರಮ ಹೀಗೆ: ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿ, ಮೋಡದ ಗುರುತು ಹೋಗಿ ಹಸಿರು ಟಿಕ್ ಬರುವವರೆಗೆ ಕಾಯಿರಿ. ಆಮೇಲೆ ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ನಾಲ್ಕಾರು ಫೈಲು ತೆರೆದು ನೋಡಿ. ಆನಂತರವೇ ಒನ್‌ಡ್ರೈವ್ ಸೆಟ್ಟಿಂಗ್ಸ್‌ನ ‘ಮ್ಯಾನೇಜ್ ಬ್ಯಾಕಪ್’ನಲ್ಲಿ ಬ್ಯಾಕಪ್ ನಿಲ್ಲಿಸಿ. ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿಯಾಗಬೇಡಿ; ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗಿನ ಡೆಸ್ಕ್‌ಟಾಪ್‌ನಲ್ಲಿರುತ್ತವೆ. ಅಳಿಸಿಯೇಬಿಟ್ಟಿದ್ದರೆ ಸ್ವಂತ ಖಾತೆಯಲ್ಲಾದರೆ ವೆಬ್‌ಸೈಟಿನ ಬಿನ್‌ನಲ್ಲಿ 30 ದಿನ ಸಿಗುತ್ತವೆ. ಆದರೆ ಜಾಗ ಉಳಿಯಲೆಂದು ಆ ಬಿನ್ ಖಾಲಿ ಮಾಡಿದರೆ ಅದೂ ಇಲ್ಲ.

ಐಕಾನ್ ಮೂಲೆಯಲ್ಲಿ ಬಾಣದ ಗುರುತಿದ್ದರೆ ಅದು ಶಾರ್ಟ್‌ಕಟ್, ಅಸಲನ್ನು ತೆರೆಯುವ ಕೊಂಡಿ ಮಾತ್ರ. ಅಳಿಸಿದರೂ ಸಾಫ್ಟ್‌ವೇರಿಗೆ ಏನೂ ಆಗದು. ಫೋಟೋ ತಿದ್ದುವ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ‘ರಿಮೂವ್’ ಒತ್ತಿದರೆ ಫೋಟೋ ಪಟ್ಟಿಯಿಂದ ಮಾತ್ರ ಹೋಗುತ್ತದೆ, ‘ಡಿಲೀಟ್ ಫ್ರಮ್ ಡಿಸ್ಕ್’ ಒತ್ತಿದರೆ ಫೋಟೋ ಫೈಲೇ ಹೋಗುತ್ತದೆ. ಲೆಕ್ಕ ಬರೆಯುವ ಟ್ಯಾಲಿಪ್ರೈಮ್‌ನಲ್ಲಿ ಕಂಪನಿ (ಒಂದು ವ್ಯವಹಾರದ ಲೆಕ್ಕದ ಕಡತ) ಮುಚ್ಚಲು ‘ಶಟ್’ ಸಾಕು. ಆಲ್ಟ್ ಡಿ ಒತ್ತಿ ಡಿಲೀಟ್ ಮಾಡಿದ ಕಂಪನಿಯನ್ನು ಬಿನ್‌ನಲ್ಲಿ ಹುಡುಕಿ ಫಲವಿಲ್ಲ. ಅದಕ್ಕೇ ಮೊದಲು ಆಲ್ಟ್ ವೈ ಒತ್ತಿ ಬ್ಯಾಕಪ್ ತೆಗೆದಿಡಿ.

ತಪ್ಪಿ ಎಸ್ ಒತ್ತಿದಿರಾ? ಬಿನ್‌ಗೆ ಹೋಗಿದ್ದರೆ ಕೂಡಲೇ ಕಂಟ್ರೋಲ್ ಝಡ್ ಒತ್ತಿ. ಪೆನ್‌ಡ್ರೈವ್‌ನಿಂದ ಹೋಗಿದ್ದರೆ ಅದಕ್ಕೆ ಇನ್ನೇನನ್ನೂ ಕಾಪಿ ಮಾಡಬೇಡಿ. ‘ಪರ್ಮನೆಂಟ್ಲಿ’ ಅಂದರೂ ಫೈಲಿದ್ದ ಜಾಗವನ್ನು ಖಾಲಿ ಎಂದು ಗುರುತು ಹಾಕಿರುತ್ತದೆ ಅಷ್ಟೇ. ಹೊಸದು ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ಸ್ಟೋರಿನ ಉಚಿತ ವಿಂಡೋಸ್ ಫೈಲ್ ರಿಕವರಿಯಿಂದ ಪ್ರಯತ್ನಿಸಬಹುದು. ಸಿಕ್ಕ ಫೈಲನ್ನು ಬೇರೆ ಡ್ರೈವ್‌ಗೇ ಉಳಿಸಬೇಕು. ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಈ ಆಸೆ ಕಡಿಮೆ, ಏಕೆಂದರೆ ಅದರ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಸ್ವಚ್ಛ ಮಾಡಿಬಿಡುತ್ತದೆ.